ಖಾಲಿ ಸೀಟಿನ ಬೆಲ್ಟು

ತಮ್ಮಾ,

ನೀನು ಡ್ಯೂಟಿಯಿಂದ ಬರುವಷ್ಟರಲ್ಲಿ ನಾನೂ ನಿನ್ನ ಮಗಳೂ ರೈಲಿನಲ್ಲಿರುತ್ತೇವೆ. ಊರಿಗೆ ಕಾರಿನ ಪ್ರಯಾಣ ಬೇಡ. ಸಿಟ್ಟು ಬಂದರೂ ಪೂರ್ತಿ ಓದು.

ಅಗ್ಗಕ್ಕೆ ಸಿಕ್ಕಿತು ಅಂತ ಯಾರೋ ಬಳಸಿದ ಮಕ್ಕಳ ಸೀಟು ತಂದು ಕಾರಿಗೆ ಕಟ್ಟಿದೆಯಲ್ಲ, ಅದು ಒಮ್ಮೆ ಅಪಘಾತ ಕಂಡದ್ದು. ಬಟ್ಟೆ ಕಳಚಿ ನೋಡು, ಬೆನ್ನಿನ ಪ್ಲಾಸ್ಟಿಕ್ಕು ಉದ್ದಕ್ಕೂ ಸೀಳಿಹೋಗಿದೆ. ಹೊಸದೇ ತಗೋ ಅಂತ ಬಡ್ಕೊಂಡೆ, ಕಿವಿಗೆ ಹಾಕಿಕೊಂಡೆಯಾ?

ಮೂರು ದಿನದಿಂದ ಪುಟ್ಟಿ ಅದರಲ್ಲಿ ಕೂರಲ್ಲ ಅಂತ ರಂಪ ಮಾಡುತ್ತಿದ್ದಳಲ್ಲ, ಯಾಕೆ ಅಂತ ಇವತ್ತು ಕೇಳಿದೆ.

"ಜಾಗ ಇಲ್ಲ ಅತ್ತೆ" ಅಂದಳು.

ನಿನ್ನೆ ಬೆಲ್ಟನ್ನು ನಾನೇ ಬಿಚ್ಚಿಟ್ಟಿದ್ದೆ. ಬೆಳಿಗ್ಗೆ ಬ್ಯಾಗ್ ಇಡಲು ಹೋದರೆ ಬೆಲ್ಟು ಹಾಕಿತ್ತು, ಪುಟ್ಟಿಗಿಂತ ಚಿಕ್ಕ ಮಗುವಿನ ಅಳತೆಗೆ ಬಿಗಿದಿತ್ತು. ಮಗುವಿನ ಎದೆಗೂ ಬೆಲ್ಟಿಗೂ ನಡುವೆ ಒಂದೇ ಬೆರಳು ಹಿಡಿಸಬೇಕು ಅಂತ ವಾರ್ಡಿನಲ್ಲಿ ಬಾಣಂತಿಯರಿಗೆ ದಿನಾ ಹೇಳಿಕೊಡುವವಳು ನಾನು. ಅಭ್ಯಾಸ ನೋಡು, ಬೆರಳು ತೂರಿಸಿದೆ.

ಒಂದೇ ಹಿಡಿಸಿತು. ಖಾಲಿ ಸೀಟು ಕಣೋ. ಬೆರಳಿಗೆ ಬೆಚ್ಚಗೆ ತಾಕಿತು.

ಪುಟ್ಟಿಯ ಸ್ವೆಟರ್ ಕುರ್ಚಿಯ ಮೇಲೆ ಮರೆತಿದ್ದೇನೆ, ತಾ. ಬಸ್ಸಿಗೇ ಬಾ. ಊಟ ಮಾಡಿಕೊಂಡು ಹೊರಡು, ಹಸಿದ ಹೊಟ್ಟೆಯಲ್ಲಿ ಬರಬೇಡ.

ಸೀಟನ್ನು ಯಾರಿಗೂ ಮಾರಬೇಡ, ಸುಮ್ಮನೆಯೂ ಕೊಡಬೇಡ. ಬೆಲ್ಟು ಕತ್ತರಿಸಿ ಗುಜರಿಗೆ ಹಾಕು ಅಂತ ಬರೆಯಲು ಹೊರಟೆ, ಮನಸ್ಸು ಬರಲಿಲ್ಲ. ಕತ್ತರಿ ಹಿಡಿಯಬೇಡ. ಮೊದಲು ಬೆಲ್ಟು ಬಿಚ್ಚು, ಸದ್ದು ಮಾಡದೆ, ಮೆಲ್ಲಗೆ.

ಮಲಗಿರಬಹುದು.

ಅಕ್ಕ