ಅಪ್ಪ ಸಹಿ ಹಾಕಿದ ಗುರುವಾರ

ಮನೆಯಿಂದ,
ಮಾರ್ಚ್ ೧೬, ಭಾನುವಾರ

ಪ್ರೀತಿಯ ಗುಬ್ಬೀ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಆ ಗುಡ್ಡದ ಚಳಿಯಲ್ಲಿ ನೀನು ಕಿವಿ ಮುಚ್ಚಿಕೊಳ್ಳದೆ ತಿರುಗುತ್ತೀಯೆಂದು ನನಗೆ ಇಲ್ಲಿ ಕೂತೇ ಗೊತ್ತಾಗುತ್ತದೆ. ಕಳೆದ ಸಲ ಫೋನಿನಲ್ಲಿ ಅರ್ಧ ಮಾತು ಗಾಳಿಗೆ ಹೋಯಿತು, ಇನ್ನರ್ಧ ನಿನ್ನ ಕೆಮ್ಮಿಗೆ ಹೋಯಿತು. ಅದಕ್ಕೇ ಈ ಕಾಗದ. ಹೊಟ್ಟೆಗೆ ಸರಿಯಾಗಿ ತಿನ್ನು. ತಾಲ್ಲೂಕು ಕಚೇರಿಯ ಹೊಸ ಕೆಲಸದ ಹುರುಪಿನಲ್ಲಿ ಊಟ ಮರೆಯುವುದು ನಿಮ್ಮ ವಂಶದ ಗುಣ, ನನ್ನ ಕಡೆಯದಲ್ಲ.

ಸುದ್ದಿ ಹೇಳಿಬಿಡುತ್ತೇನೆ. ಗುರುವಾರ ಅಪ್ಪ ರಾಜೀನಾಮೆ ಕೊಟ್ಟರು. ಮೂವತ್ತೊಂದು ವರ್ಷದ ನೌಕರಿ, ನಿವೃತ್ತಿಗೆ ಇನ್ನೆರಡು ವರ್ಷ ಇತ್ತು. ಬರೆದು ನೋಡಿದರೂ ನನಗೆ ಏನೂ ಅನ್ನಿಸುತ್ತಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ಮೇಲೆ ಸ್ವಲ್ಪ ಹೊತ್ತು ಕೆನ್ನೆ ನಮ್ಮದೇ ಅಲ್ಲ ಅನ್ನಿಸುತ್ತದಲ್ಲ, ಹಾಗಿದ್ದೇನೆ.

ಹೊಸ ಸೇತುವೆಯ ವಿಷಯ ನಿನಗೆ ಸ್ವಲ್ಪ ಗೊತ್ತು. ಅದನ್ನು ಜನರ ಓಡಾಟಕ್ಕೆ ಬಿಡಬೇಕಾದರೆ ಮೂವರು ಮುಖ್ಯ ಎಂಜಿನಿಯರುಗಳ ಒಪ್ಪಿಗೆ ಬೇಕು. ನಾಲ್ಕನೆಯ ಕಂಬ ಬಿರುಕು ಬಿಟ್ಟಿದೆ, ಸರಿಪಡಿಸದೆ ತೆರೆಯಬಾರದು ಎಂದು ಮೂವರೂ ಬರೆದರು. ಅಷ್ಟರಲ್ಲಿ ಮಂತ್ರಿಗಳು ಉದ್ಘಾಟನೆಗೆ ದಿನ ಗೊತ್ತುಮಾಡಿಬಿಟ್ಟಿದ್ದರು. ಈ ಮೂವರನ್ನು ತೆಗೆದುಹಾಕಲು ಕಾರಣವಿಲ್ಲ. ಹಾಗಾಗಿ ಅವರಾಗಿಯೇ ಎದ್ದು ಹೋಗಬೇಕಿತ್ತು.

ಮೊದಲು ಹೋದವರು ವಿನ್ಯಾಸ ವಿಭಾಗದ ಮೇಡಂ. ಅವರನ್ನು ಒಂದೇ ತಿಂಗಳಲ್ಲಿ ಮೂರು ಸಲ ವರ್ಗ ಮಾಡಿದರು. ಎರಡನೆಯ ಊರಿನಲ್ಲಿ ಪೆಟ್ಟಿಗೆ ಬಿಚ್ಚುವ ಮೊದಲೇ ಮೂರನೆಯ ಆದೇಶ ಬಂತು. “ಇನ್ನು ನನ್ನ ಕೈಲಾಗಲ್ಲ ಅಕ್ಕಾ” ಅಂದರು ನನ್ನ ಹತ್ತಿರ. ಆಮೇಲೆ ನೀನು ಚಿಕ್ಕವಳಿದ್ದಾಗ ‘ನಗೋ ಮಾಮ’ ಎಂದು ಕರೆಯುತ್ತಿದ್ದೆಯಲ್ಲ, ಅವರ ಸರದಿ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಕರೆಸಿ, ಸಂಜೆ ಐದರವರೆಗೆ ಇಲಾಖೆಯ ಕಾರ್ಯದರ್ಶಿಯ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂರಿಸುವುದು. ಒಳಗೆ ಮಾತ್ರ ಕರೆಯುವುದಿಲ್ಲ. ಹೀಗೆ ಹನ್ನೊಂದು ದಿನ. ಹನ್ನೆರಡನೆಯ ದಿನ ಎದೆನೋವು ಬಂದು ಆಸ್ಪತ್ರೆಗೆ ಸೇರಿದರು, ಮಲಗಿದಲ್ಲೇ ಸಹಿ ಹಾಕಿಕೊಟ್ಟರು. ನೋಡಲು ಹೋದಾಗ “ಬೆಂಚೇ ಗೆದ್ದುಬಿಡ್ತಮ್ಮಾ” ಅಂದರು. ನಗಲು ಹೋದರು, ಆಗಲಿಲ್ಲ.

ಉಳಿದವರು ಅಪ್ಪ. ಮೊದಲು ಕಾರು ಹೋಯಿತು, ಆಮೇಲೆ ಮೇಜಿನ ಫೋನು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಕುರ್ಚಿಯೇ ಇಲ್ಲ. ಅದರ ಜಾಗದಲ್ಲಿ ಒಂದು ಕಾಲು ಗಿಡ್ಡವಾದ ಪ್ಲಾಸ್ಟಿಕ್ ಕುರ್ಚಿ. ಅಪ್ಪ ರಟ್ಟು ಮಡಚಿ ಕಾಲಡಿ ಇಟ್ಟುಕೊಂಡು ಕೂತರಂತೆ. ಕಡತ ಒಂದೂ ಬರುತ್ತಿರಲಿಲ್ಲ. ಕೈಕೆಳಗಿನವರು ಎದುರಾದರೆ ಗೋಡೆ ನೋಡಿಕೊಂಡು ಹೋಗುತ್ತಿದ್ದರು. ಆದರೂ ದಿನಾ ಬಸ್ಸು ಹಿಡಿದು ಹೋಗಿ, ಸಂಜೆಯವರೆಗೆ ಕೂತು, ಬಸ್ಸು ಹಿಡಿದೇ ಬರುತ್ತಿದ್ದರು. ಕಾರ್ಯದರ್ಶಿ ಎರಡು ದಿನಕ್ಕೊಮ್ಮೆ ಕರೆದು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, “ನಿಮ್ಮ ಮೇಲೆ ನಮಗೇನೂ ಸಿಟ್ಟಿಲ್ಲ ಸಾರ್. ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ?” ಅನ್ನುತ್ತಿದ್ದರಂತೆ.

ರಾಜೀನಾಮೆ ಪತ್ರವನ್ನೂ ಅವರೇ ಟೈಪು ಮಾಡಿಸಿ ಕೊಟ್ಟಿದ್ದರು. ಅಪ್ಪ ಅದನ್ನು ಮನೆಗೆ ತಂದು ನನ್ನ ಮುಂದಿಟ್ಟರು. ನಾನು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದೆ. ‘ಯ’ ಇರಬೇಕಾದಲ್ಲಿ ‘ಯು’ ಹಾಕಿ ‘ವೈಯುಕ್ತಿಕ ಕಾರಣಗಳಿಂದ’ ಎಂದು ತಪ್ಪು ಬರೆದಿತ್ತು. ಕೆಂಪು ಪೆನ್ನು ಕೈಯಲ್ಲೇ ಇತ್ತು, ಸುತ್ತುಹಾಕಿ ಕಾಲು ಅಂಕ ಕಳೆದೆ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆ ತಿಂಗಳಲ್ಲಿ ನಕ್ಕಿದ್ದು ಅದೊಂದೇ ಸಲ. “ಹಾಕಲ್ಲ ಕಣೇ. ಮಕ್ಕಳು ಓಡಾಡೋ ಸೇತುವೆ ಅದು” ಅಂದರು.

ಹಾಗೆ ಅಂದವರು ಗುರುವಾರ ಮಧ್ಯಾಹ್ನ ಮೂರಕ್ಕೇ ಮನೆಗೆ ಬಂದರು. ಕೈಕಾಲು ತೊಳೆದು, ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡು, “ಸಹಿ ಹಾಕಿ ಬಂದೆ” ಅಂದರು. ಯಾಕೆ ಎಂದು ಕೇಳಿದೆ. “ಸಾಕಾಯ್ತು” ಅಂದರು. ಸಹಿ ಹಾಕುವ ಮೊದಲು ತಾವೇ ದಾಖಲೆ ಕೋಣೆಗೆ ಹೋಗಿ ಸೇತುವೆಯ ಕಡತ ತೆಗೆಸಿಕೊಂಡು, ತೆರೆಯಬಾರದು ಎಂದು ಇನ್ನೊಮ್ಮೆ ತಾರೀಖು ಸಮೇತ ಬರೆದಿಟ್ಟು ಬಂದಿದ್ದಾರೆ. ಶುಕ್ರವಾರ ಬೆಳಿಗ್ಗೆ ಎಂದಿನಂತೆ ಶರಟು ಇಸ್ತ್ರಿ ಮಾಡಿಕೊಂಡು, ಒಂದು ಕಾಲಿಗೆ ಬೂಟು ಹಾಕಿ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಶಾಲೆಗೆ ಹೋದೆ. ನಾಲ್ಕಕ್ಕೆ ಬಂದಾಗ ಎರಡೂ ಕಾಲಿಗೆ ಬೂಟು ಇತ್ತು. ಅವರು ಅಲ್ಲೇ ಇದ್ದರು.

ಅವರ ಜಾಗಕ್ಕೆ ಬಂದವರು ಆ ಕಡತ ಓದಿ, ಅರ್ಧ ಗಂಟೆಯಲ್ಲಿ ಸೊಂಟನೋವು ಎಂದು ರಜೆ ಹಾಕಿದರಂತೆ. ಸೇತುವೆಗೆ ಅಡ್ಡ ಕಟ್ಟಿದ ಬೇಲಿ ಹಾಗೇ ಇದೆ, ಉದ್ಘಾಟನೆ ಮುಂದಕ್ಕೆ ಹೋಗಿದೆ. ಅಪ್ಪನಿಗೆ ಹೇಳಿದೆ. “ಹೌದಾ” ಅಂದರು, ಅಷ್ಟೇ.

ನೀನು ಗಾಬರಿಯಾಗಬೇಡ. ಇಬ್ಬರೂ ಉಣ್ಣುತ್ತಿದ್ದೇವೆ, ಮಲಗುತ್ತಿದ್ದೇವೆ. ನೂರು ವರ್ಷ ಗಟ್ಟಿಯಾಗಿರು, ತಲೆ ಎತ್ತಿಕೊಂಡು ಕೆಲಸ ಮಾಡು ಮಗಳೇ. ಅಪ್ಪ ಎಂದಿನಂತೆ ಓದಿ, ಕೆಳಗೆ ತಮ್ಮದೊಂದು ಸಾಲು ಸೇರಿಸುತ್ತಾರಂತೆ.

ನಿನ್ನ
ಅಮ್ಮ

(ಗುಬ್ಬಿ, ನಾನು ಆರಾಮಾಗಿದ್ದೇನೆ. ಬಿಸಿನೀರು ಕುಡಿ. – ಅಪ್ಪ)

ತಾ.ಕ.: ಅಪ್ಪ ಓದಿಕೊಟ್ಟು ಲಕೋಟೆ ತರಲು ಹೋಗಿದ್ದಾರೆ, ಬರುವುದರೊಳಗೆ ಬರೆಯುತ್ತಿದ್ದೇನೆ. ಕಾರ್ಯದರ್ಶಿಯ ಕೋಣೆಯ ಜವಾನರು ನಿನ್ನೆ ಅಪ್ಪನ ಛತ್ರಿ ಕೊಡಲು ಬಂದವರು ನನಗೆ ಅಡುಗೆಮನೆಯಲ್ಲಿ ಹೇಳಿದರು. ಗುರುವಾರ ಮೇಜಿನ ಮೇಲೆ ಎರಡು ಕಾಗದ ಇದ್ದವಂತೆ. ಒಂದು ಅಪ್ಪನ ರಾಜೀನಾಮೆ. ಇನ್ನೊಂದು, ನೀನು ಯಾವುದೋ ಜಮೀನಿನ ದಾಖಲೆ ತಿದ್ದಿದ್ದೀಯೆಂದು ಸುಳ್ಳು ಹೊರಿಸಿ ನಿನ್ನನ್ನು ಪ್ರೊಬೇಷನ್‌ನಲ್ಲೇ ವಜಾ ಮಾಡುವ ಆದೇಶ, ಮಂತ್ರಿಗಳೇ ತರಿಸಿದ್ದಂತೆ. “ಎರಡರಲ್ಲಿ ಒಂದಕ್ಕೆ ಇವತ್ತು ಸಹಿ ಬೀಳುತ್ತೆ ಸಾರ್. ನಿಮ್ಮದೋ ನಮ್ಮದೋ, ನೀವೇ ಹೇಳಿ” ಅಂದರಂತೆ ಕಾರ್ಯದರ್ಶಿ. ಅಪ್ಪ ಪೆನ್ನು ಕೇಳಿದರಂತೆ. ನನಗೂ ಹೇಳಿಲ್ಲ ಅವರು. ಅಪ್ಪ ಹೆದರಿ ಓಡಿದರು ಎಂದು ನಿನ್ನ ಕಚೇರಿಯಲ್ಲೂ ಆಡಿಕೊಳ್ಳುತ್ತಾರೆ, ಅದನ್ನು ನೀನು ನಂಬಬಾರದು, ಅದಕ್ಕೇ ಹೇಳಿದೆ. ಸಿಟ್ಟಿಗೆದ್ದು ನೀನೂ ರಾಜೀನಾಮೆ ಬರೆದುಬಿಟ್ಟೀಯೆ, ಜೋಕೆ. ಅಪ್ಪನ ಸಹಿ ನೀರಲ್ಲಿ ಹೋಮ ಮಾಡಿದ ಹಾಗಾಗುತ್ತದೆ. ಬುಧವಾರ ನಿನಗೆ ಫೋನ್ ಮಾಡಿ ‘ಸಾಕಾಯ್ತು, ಬಿಟ್ಟೆ’ ಅನ್ನುತ್ತಾರೆ. ಅವರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ತಡವರಿಸುತ್ತಾರೆ. ಆಗ ನೀನೇ ಬೇರೆ ಮಾತು ತೆಗೆ. ಗೇಟಿನ ಸದ್ದಾಯಿತು.