ಹನ್ನೊಂದು ಜನರ ಫಾರಂ

ಮೊಳಕಾಲ್ಮೂರು
ಗುರುವಾರ, 14 ನವೆಂಬರ್ 2024

ಪ್ರೀತಿಯ ಇರ್ಫಾನಾ,

ಚಳ್ಳಕೆರೆ ಇಲ್ಲಿಂದ ಒಂದು ಬಸ್ಸಿನ ದೂರ, ಕೈಯಲ್ಲಿ ಫೋನು ಬೇರೆ ಇದೆ. ಈ ನರ್ಸಮ್ಮನಿಗೆ ಕಾಗದದ ಹುಚ್ಚು ಯಾಕೆ ಹಿಡಿಯಿತು ಅಂತ ನಗಬೇಡ. ಫೋನಿನಲ್ಲಿ ನೀನು ಹೇಗಿದ್ದೀಯಾ ಅಂದಕೂಡಲೇ ನನ್ನ ಬಾಯಿ ತಾನಾಗಿ ಚೆನ್ನಾಗಿದ್ದೀನಿ ಅಂದುಬಿಡುತ್ತದೆ. ಬರೆಯುವಾಗ ಸುಳ್ಳು ಅಷ್ಟು ಸಲೀಸಲ್ಲ.

ಸ್ವಪ್ನಳ ವಿಷಯ ನಿನಗೆ ಅರ್ಧ ಹೇಳಿದ್ದೆ. ಮಗ್ಗದ ಮನೆಯ ಸೊಸೆ, ಇಪ್ಪತ್ತೆರಡು ವರ್ಷ. ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ, ದೊಡ್ಡಾಸ್ಪತ್ರೆಗೆ ಕರೆದೊಯ್ಯುವಾಗ ಆಂಬುಲೆನ್ಸಿನಲ್ಲೇ ಹೋದಳು ಅಂದಿದ್ದೆ. ಹೇಳದೆ ಬಿಟ್ಟದ್ದು ಇದು: "ಅಕ್ಕಾ, ಕೈ ಬಿಡಬ್ಯಾಡ" ಅಂದಿದ್ದಳು. ಅಷ್ಟರಲ್ಲಿ ಆ ದಿನದ ಲಸಿಕೆಯ ವರದಿ ಕೇಳಿ ಮೇಲಿನವರ ಫೋನು ಬಂತು. ಕೈ ಬಿಟ್ಟು ಎತ್ತಿದೆ. ಮಾತು ಮುಗಿಸಿ ತಿರುಗುವಷ್ಟರಲ್ಲಿ ಅವಳಿರಲಿಲ್ಲ. ನೀವೇನು ಮಾಡಿದ್ದರೂ ಉಳಿಯುತ್ತಿರಲಿಲ್ಲ ಅಂತ ಡಾಕ್ಟರು ಹೇಳಿದರು. ನನಗೂ ಗೊತ್ತು. ಗೊತ್ತಿದ್ದೂ ಆರು ವಾರದಿಂದ ಬಡಿಸಿಕೊಂಡ ತಟ್ಟೆ ಹಾಗೇ ಎತ್ತಿಡುತ್ತಿದ್ದೇನೆ.

ಕಳೆದ ತಿಂಗಳು ಸಿಬ್ಬಂದಿಯ ಮನಸ್ಸಿನ ಆರೋಗ್ಯ ವಿಚಾರಿಸುವ ಫಾರಂ ಬಂತು. ನಮ್ಮಲ್ಲಿ ಫಾರಂ ಅಂದರೆ ನಿನಗೆ ಗೊತ್ತಲ್ಲ, ಯಾರ ಅಕ್ಷರ ದುಂಡಗಿದೆಯೋ ಅವರೇ ಎಲ್ಲರದನ್ನೂ ತುಂಬುವುದು. ಹನ್ನೊಂದು ಜನರದನ್ನೂ ನಾನೇ ತುಂಬಿದೆ. ನಿದ್ದೆ ಬರುತ್ತದೆಯೇ? ಬರುತ್ತದೆ. ಬದುಕು ಸಾಕೆನಿಸಿದೆಯೇ? ಇಲ್ಲ. ನನ್ನದಕ್ಕೂ ಇಲ್ಲ ಅಂತಲೇ ಬರೆದೆ, ಪೆನ್ನು ಒಂದು ಕ್ಷಣವೂ ನಿಲ್ಲಲಿಲ್ಲ.

ಮೊನ್ನೆ ಮಂಗಳವಾರ ಆಪ್ತಸಮಾಲೋಚಕಿಯೊಬ್ಬರು ನಮಗಾಗಿಯೇ ಬರಬೇಕಿತ್ತು. ಆಶಾ ಕಾರ್ಯಕರ್ತೆ ಮೂಗಮ್ಮ ಒಳ್ಳೆಯ ಸೀರೆ ಉಟ್ಟು ಬಂದು ಸಂಜೆವರೆಗೂ ಬೆಂಚಿನ ಮೇಲೆ ಕೂತಿದ್ದಳು. "ನಂದೂ ಒಂದೀಟು ಹೇಳ್ಕಳಾದೈತೆ ಸಿಸ್ಟರೇ, ಆ ಮೇಡಂ ಯಾವಾಗ ಬರ್ತಾರೆ?" ಅಂತ ಕೇಳಿದಳು. ಮೇಲಿನ ಆಫೀಸಿಗೆ ಫೋನು ಮಾಡಿ ವಿಚಾರಿಸಿದರೆ, ನಿಮ್ಮಲ್ಲಿ ಯಾರಿಗೂ ತೊಂದರೆಯಿಲ್ಲವೆಂದು ಬರೆದಿದ್ದೀರಿ, ಅವರನ್ನು ಬೇರೆ ಕಡೆ ಕಳಿಸಿದೆವು ಅಂದರು. ಮೂಗಮ್ಮನಿಗೆ ಏನೋ ಒಂದು ನೆಪ ಹೇಳಿ ಮನೆಗೆ ಕಳಿಸಿದೆ. ಅವಳ ಬಾಯಿಯನ್ನೂ ನಾನೇ ಮುಚ್ಚಿದಂತಾಯಿತು, ನನಗೆ ನನ್ನ ಮೇಲೇ ಹೇಸಿಗೆ.

ಗೋಡೆಗೆ ನಾನೇ ಅಂಟಿಸಿದ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರಿಗೆ ಎರಡು ಸಲ ಫೋನು ಮಾಡಿದೆ. ಆ ಹೆಣ್ಣುಮಗಳು ಎಷ್ಟು ಮೆತ್ತಗೆ ಕೇಳಿದಳೆಂದರೆ ಅಳು ಬಂತು. ಆದರೂ ನಮ್ಮ ಪೇಷೆಂಟ್ ಒಬ್ಬರಿಗಾಗಿ ವಿಚಾರಿಸುತ್ತಿದ್ದೇನೆ ಅಂದುಬಿಟ್ಟೆ. ಎರಡು ಸಲವೂ.

ಭಾನುವಾರ ಬಾ ಇರ್ಫಾನಾ. ಬುದ್ಧಿ ಹೇಳಬೇಡ, ನಿಮ್ಮ ಅಮ್ಮಿಯ ಕೈಯಲ್ಲಿ ಊಟದ ಡಬ್ಬಿ ಕಟ್ಟಿಸಿಕೊಂಡೂ ಬರಬೇಡ. ಮೂರನೇ ಸಲ ಫೋನು ಮಾಡಿ, ಪೇಷೆಂಟ್ ನಾನೇ ಅಂತ ಹೇಳುವಾಗ ಪಕ್ಕದಲ್ಲಿ ಕೂತಿರು. ಒಬ್ಬಳಿಂದ ಆಗುತ್ತಿಲ್ಲ.

ನಿನ್ನ
ದೀಪಿಕಾ

ತಾ.ಕ.: ಕಾಗದ ತಂದುಕೊಡುವವನು ಆಂಬುಲೆನ್ಸಿನ ಕ್ಯಾತಣ್ಣ, ಅವನಿಗೆ ಏನೂ ಗೊತ್ತಿಲ್ಲ. ಲಕೋಟೆಯಲ್ಲಿರುವುದು ಔಷಧಿ ಬೀರುವಿನ ಬೀಗದ ಕೈ. ಇನ್ನೊಂದು ಫಾರ್ಮಸಿಯವರ ಹತ್ತಿರ ಇದೆ, ರೋಗಿಗಳಿಗೆ ತೊಂದರೆಯಾಗುವುದಿಲ್ಲ. ನಾನು ಎಷ್ಟು ಕೇಳಿದರೂ ವಾಪಸ್ ಕೊಡಬೇಡ. ಭಾನುವಾರ ಅಂದೆನಲ್ಲ, ಅಷ್ಟು ದಿನ ಬೇಡ. ಇವತ್ತೇ ಬಾ.