ನೆರಳನ್ನು ಅಳಿಸಿಲ್ಲ

೧೪ ಅಕ್ಟೋಬರ್, ಮಂಗಳವಾರ

ನಮ್ಮ ಗೇಮಿನ ದೈತ್ಯ ರೋಬೋಟನ್ನು ಇಂದು ನಾನೇ ಅಳಿಸಿದೆ. ಅದರ ವಿನ್ಯಾಸ ತಮ್ಮದೆಂದು ಎರಡು ವಿದೇಶಿ ಕಂಪನಿಗಳು ಕೋರ್ಟಿನಲ್ಲಿ ಕಿತ್ತಾಡುತ್ತಿವೆ. ಅವುಗಳಲ್ಲಿ ಒಂದರಿಂದ ಲೈಸೆನ್ಸ್ ಪಡೆದ ನಾವು ನಡುವೆ ಸಿಕ್ಕಿಬಿದ್ದೆವು.

ಚಿತ್ರ ಯಾರದಾದರೂ ಆಗಲಿ, ಅದರ ನಡಿಗೆ ನಾನು ಮಾಡಿದ್ದು. ಎಡ ಮಂಡಿ ನೋವಿನ ಅವ್ವ ಖಡಕಿ ಬಜಾರಿನಿಂದ ಚೀಲ ಹಿಡಿದು ಬರುವ ನಡಿಗೆ ಅದು. ಮೊದಲ ಸಲ ನೋಡಿದಾಗ, "ಇದ್ಯಾಕ ನನ್ನಂಗ ಕುಂಟತದ?" ಎಂದು ಸಿಟ್ಟಾಗಿ ಎರಡು ದಿನ ಮಾತು ಬಿಟ್ಟಿದ್ದಳು.

ಸಂಜೆ ಗೇಮ್ ಓಡಿಸಿ ನೋಡಿದರೆ ರೋಬೋಟ್ ಇಲ್ಲ, ಅದರ ನೆರಳು ಮಾತ್ರ ಎಡಕ್ಕೆ ವಾಲುತ್ತ ನೆಲದ ಮೇಲೆ ನಡೆಯುತ್ತಿದೆ. ನೆರಳಿಗೆ ಬೇರೆ ಫೈಲ್ ಇತ್ತು, ಮರೆತಿದ್ದೆ.

"ದುರ್ಗಾ, ಎಲ್ಲಾ ಡಿಲೀಟ್ ಆಯ್ತಾ? ಲೀಗಲ್‌ನವರಿಗೆ ಹೇಳ್ಬೇಕು," ಎಂದರು ನಮ್ಮ ಟೀಮ್ ಲೀಡ್ ಶ್ರೀನಾಥ್.

"ಆತ್ರಿ," ಎಂದುಬಿಟ್ಟೆ.

ಯಾಕೆ ಹಾಗೆಂದೆನೋ. ಆ ನೆರಳು ಯಾರ ಕಣ್ಣಿಗಾದರೂ ಬಿದ್ದರೆ ಕೆಲಸಕ್ಕೇ ಕುತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹಿಂಜವಾಡಿಯ ಆಫೀಸು ತಲುಪಿ ಅದನ್ನೂ ತೆಗೆಯಬೇಕು. ರಾತ್ರಿ ಮೂರು ಸಲ ಮಲಗಿ ಮೂರು ಸಲ ಎದ್ದೆ.

ಈಗ ಅವ್ವ ನೀರು ಕುಡಿಯಲು ಎದ್ದಿದ್ದಾಳೆ. ಅಡುಗೆಮನೆಯ ದೀಪಕ್ಕೆ ಅವಳ ನೆರಳು ನನ್ನ ಗೋಡೆಯ ಮೇಲೆ ಎಡಕ್ಕೆ ವಾಲುತ್ತ ಬರುತ್ತಿದೆ. ಇದನ್ನು ನಾಳೆ ನನ್ನ ಕೈಯಾರೆ ಹೇಗೆ ಅಳಿಸಲಿ?